ತಕ್ಕಡಿ ಶಿವಬಸವ್ವ ಹಾರಿಸಿದ ಹೆಲಿಕಾಪ್ಟರ್

ವಯಸ್ಸು ಐವತ್ತರ ಮೇಲೆ ಒಂದೆರಡು. ಎತ್ತರ ಕಡಿಮೆ, ಮಾತೂ ಕಡಿಮೆ. ಇಳಕಲ್ ಸೀರೆ ಹಳೆಯದು, ಆದರೆ ಸೆರಗಿನ ಅಂಚಿಗೆ ಹಾಕಿದ ಹೊಲಿಗೆ ಹೊಸದು. ಅಂದರೆ ಇದ್ದುದನ್ನು ಬಾಳಿಸುವ ಪೈಕಿ. ಬಲಗೈಯ ತೋರುಬೆರಳಿನ ಮೇಲೆ ಅರ ಹಿಡಿದು ಹಿಡಿದು ಕಟ್ಟಿದ ಗಂಟು. ಕೊಳ್ಳುವ ಗಿರಾಕಿ ಅಲ್ಲ. ಗಿರಾಕಿಯಾದವನು ಅಂಗಡಿಗೆ ಬಂದರೆ ಮೊದಲು ಸಾಮಾನು ನೋಡುತ್ತಾನೆ. ಈಕೆ ನೋಡಿದ್ದು, ನಾನು ತಿರುಪು-ಮೊಳೆ ತೂಗಿಕೊಡುವ ಹಿತ್ತಾಳೆಯ ತಕ್ಕಡಿಯನ್ನು.

"ಸಾವ್ಕಾರ್ರ, ನಿಮ್ಮ ತಕ್ಕಡಿ ಎಡಕ್ಕ ಬಗ್ಗೇದ್ರಿ" ಎಂದಳು.

"ಗೊತ್ತದ" ಎಂದೆ. ಗೊತ್ತಿದ್ದೇ ಇಟ್ಟಿದ್ದೆ.

ಶಿವಬಸವ್ವನನ್ನು ನಾನು ಹತ್ತಿರದಿಂದ ಕಂಡದ್ದು ಹೀಗೆ, ಎರಡು ಸಾವಿರದ ಆರನೇ ಇಸವಿಯ ಶ್ರಾವಣದಲ್ಲಿ, ಪುಣೆಯ ರವಿವಾರ ಪೇಟೆಯಲ್ಲಿ, ರಿಮೋಟಿನ ಆಟದ ವಿಮಾನ ಮಾರುವ ನನ್ನ ಅಂಗಡಿಯಲ್ಲಿ. ಆಕೆಯ ಗಂಡ ಸಿದ್ರಾಮಪ್ಪ ಪಕ್ಕದ ಗಲ್ಲಿಯಲ್ಲಿ ಮೂವತ್ತು ವರ್ಷ ತಕ್ಕಡಿ ರಿಪೇರಿ ಮಾಡಿದವನು. ಕೊನೆಯ ಎಂಟು ವರ್ಷ ಅವನ ಕೈ ನಡುಗುತ್ತಿತ್ತು. ಫಲಕದ ಮೇಲಿನ ಹೆಸರು ಅವನದು, ಕೆಲಸ ಮಾಡುವ ಕೈ ಈಕೆಯದು. ಆಮೇಲೆ ಪೇಟೆಗೆಲ್ಲ ಅಂಕಿ ಮಿನುಗುವ ಎಲೆಕ್ಟ್ರಾನಿಕ್ ತಕ್ಕಡಿಗಳು ಬಂದವು. ಗಂಡ-ಹೆಂಡತಿ ಅಂಗಡಿ ಮುಚ್ಚಿದರು.

"ನಿಮ್ಮಲ್ಲಿ ಮುರದ ವಿಮಾನ ರಿಪೇರಿ ಮಾಡೋರು ಇಲ್ಲಂತ. ಆ ಕಿಟಕಿ ಹತ್ರದ ಮೇಜು ನನಗ ಕೊಡ್ರಿ. ಕುಂತು ಮಾಡ್ತೀನಿ."

ಕಿಟಕಿಯ ಪಕ್ಕದ ಆ ಮೇಜಿನ ಮೇಲೆ ಮುರಿದ ರಿಮೋಟ್ ಹೆಲಿಕಾಪ್ಟರುಗಳ ರಾಶಿಯೇ ಇತ್ತು. ಅದಕ್ಕೆ ಕಾರಣ ನನ್ನ ವ್ಯಾಪಾರದ ಪದ್ಧತಿ. ಊರಂಚಿನ ಖರಾಡಿಯ ಐಟಿ ಕಂಪನಿಗಳ ಹುಡುಗರು ಹೊಸ ಹುರುಪಿನಲ್ಲಿ ಬಂದು "ಮೊದಲನೇ ಸಲ, ಯಾವುದು ತಗೊಳ್ಳಲಿ?" ಎಂದು ಕೇಳಿದರೆ, ನಾನು ದೊಡ್ಡದನ್ನು ತೋರಿಸುತ್ತಿದ್ದೆ: ನೆತ್ತಿಯ ಮೇಲೆ ಒಂದೇ ಜೊತೆ ರೆಕ್ಕೆಯದು, ಆರು ಚಾನಲ್ಲಿನದು, ಅಂದರೆ ರಿಮೋಟಿನಲ್ಲಿ ಆರು ಬಗೆಯ ಹಿಡಿತದ್ದು, ನೋಡಲು ಪಟ್ಟದಾನೆ. ರವಿವಾರ ಅದು ಮೈದಾನದಲ್ಲಿ ಮೂಗು ಮುರಿದುಕೊಳ್ಳುತ್ತಿತ್ತು, ಸೋಮವಾರ ಅವರು ಬಿಡಿಭಾಗಕ್ಕೆ ನನ್ನಲ್ಲಿಗೇ ಬರುತ್ತಿದ್ದರು. ಅರ್ಧ ಜನ ಬೇಸತ್ತು ಅದನ್ನು ಇಲ್ಲಿಯೇ ಎಸೆದು ಹೋಗುತ್ತಿದ್ದರು. ಒಳ್ಳೆಯ ಪದ್ಧತಿ ಎಂದೇ ತಿಳಿದಿದ್ದೆ.

ಆಕೆಯ ಮುಖದ ಮೇಲೆ ಇಲ್ಲವೆನ್ನಲು ನನಗೆ ಸಂಕೋಚ. ಹಾಗಾಗಿ ಶರತ್ತು ಹಾಕಿದೆ. "ರಿಪೇರಿ ಮಾಡೋರಿಗೆ ಹಾರಿಸಾಕ ಬರಬೇಕವ್ವಾ, ಇಲ್ಲಾಂದ್ರ ಸರಿ ಆಗೇದೋ ಇಲ್ಲೋ ಹೆಂಗ ತಿಳೀಬೇಕು? ದಸರಾದ ದಿನ ಎಲ್ಲಾರ ಎದುರು ಒಂದು ನಿಮಿಷ ಗಾಳ್ಯಾಗ ನಿಂದರಿಸ್ರಿ, ಮೇಜು ನಿಮ್ದು. ನೆಲ ಬಿಟ್ಟದ್ದು ನಿಮಿಷ ತುಂಬೂಕಿಂತ ಮದಲ ನೆಲ ಮುಟ್ತಂದ್ರ, ಮಾತು ಮುಗೀತು." ಎಂದು ಹೇಳಿ, ಯಾರೋ ಬಿಟ್ಟುಹೋದ, ಇನ್ನೂ ಹಾರುವಂತಿದ್ದ ಆರು ಚಾನಲ್ಲಿನ ಪಟ್ಟದಾನೆಯನ್ನೇ ಚೀಲದಲ್ಲಿ ಹಾಕಿ ಕೊಟ್ಟೆ. ನನ್ನ ಗುಮಾಸ್ತ ಮಾಂತು ಮುಖ ತಿರುಗಿಸಿ ನಕ್ಕ. ವಾರದೊಳಗೆ ಚೂರುಗಳ ಜೊತೆ ಆಕೆಯ ಆಸೆಯೂ ವಾಪಸು ಬರುತ್ತದೆ ಎಂಬುದು ನನ್ನ ಅಂದಾಜು.

ಚೂರುಗಳು ನಾಲ್ಕೇ ದಿನಕ್ಕೆ ಬಂದವು. ಆಸೆ ಬರಲಿಲ್ಲ.

"ಇದು ಛತ್ತಿನ ಫ್ಯಾನಿನಂಗ ಗಾಳಿ ಕೆಳಗ ತಳ್ಳಿ ತಾ ಮ್ಯಾಲ ಏಳತದ. ಅಷ್ಟು ತಿಳೀತ್ರಿ" ಎಂದು ಶುರು ಮಾಡಿದಳು. "ಆದ್ರ ರೆಕ್ಕಿ ಬಲಕ್ಕ ತಿರಗಿದ್ರ ಮೈ ಎಡಕ್ಕ ತಿರಗಾಕ ನೋಡ್ತದ. ಅದನ್ನ ತಡೀಲಿಕ್ಕೇ ಬಾಲದಾಗ ಸಣ್ಣ ರೆಕ್ಕಿ. ದೊಡ್ಡದರ ಜೋರು ಏರಿಸಿದ್ರ ಸಣ್ಣದ್ದೂ ಏರಬೇಕು, ಇಳಿಸಿದ್ರ ಅದೂ ಇಳೀಬೇಕು. ಮ್ಯಾಲ ಗಾಳಿ ಬ್ಯಾರೆ ದೂಡ್ತದ. ಎರಡು ಕೈಯಾಗ ನಾಕು ತಕ್ಕಡಿ ಹಿಡದಂಗಾತು. ಕಲಿಯೋರಿಗೆ ಇದಲ್ಲ. ಅದನ್ನ ಕೊಡ್ರಿ."

ಆಕೆ ಬೆರಳು ತೋರಿಸಿದ್ದು ಮೇಲಿನ ಹಲಗೆಯ ಮೂಲೆಗೆ. ಅಲ್ಲಿ, ಒಂದರ ಮೇಲೊಂದು ಎರಡು ಜೊತೆ ರೆಕ್ಕೆಗಳಿರುವ ಸಣ್ಣ ಹೆಲಿಕಾಪ್ಟರಿತ್ತು. ಅದನ್ನು ಬೇಕೆಂದೇ ಅಷ್ಟು ಮೇಲೆ ಇಟ್ಟಿದ್ದೆ, ಬೇಗ ಮುರಿಯುವುದಿಲ್ಲ ಎಂಬುದೇ ಅದರ ದೋಷ.

"ಅದು ಆಟಿಕಿ ಬೇ" ಎಂದ ಮಾಂತು.

"ಮ್ಯಾಲಿನ ಜೋಡಿ ಒಂದ ಕಡೆ ತಿರಗ್ತದ, ಕೆಳಗಿಂದು ಇನ್ನೊಂದ ಕಡೆ. ಮೈ ತಿರುವೋ ಜಗ್ಗಾಟ ಒಂದಕ್ಕೊಂದು ಕಳೀತದ. ನೆತ್ತಿ ಮ್ಯಾಲ ಗುಂಡು ಇರೋ ಕಡ್ಡಿ ಅದ ನೋಡು, ಅದು ವಾಲಿದ್ದನ್ನ ತಾನ ನೆಟ್ಟಗ ಮಾಡ್ತದ. ಆಟಿಕಿ ಅನ್ನಾಂವ ನೀನೂ ಒಂದಿನಾ ಹಾರಿಸಿಲ್ಲ."

"ನಾ ಕೊಟ್ಟದ್ದು ದೊಡ್ಡದು" ಎಂದೆ ನಾನು.

"ನೀವು ಹೇಳಿದ್ದು ಒಂದು ನಿಮಿಷ ಅಂತ. ಯಾವ ಗಾಡಿ ಅಂತ ಹೇಳಿಲ್ಲ, ಸಾವ್ಕಾರ್ರ."

ಇಪ್ಪತ್ತು ವರ್ಷ ಮಾತಿನ ಮೇಲೆ ವ್ಯಾಪಾರ ಮಾಡಿದವನು ಮಾತಿನಲ್ಲೇ ಸಿಕ್ಕಿಬಿದ್ದೆ. ಏಣಿ ತರಿಸಿ ಇಳಿಸಿಕೊಟ್ಟೆ.

ಅಂದಿನಿಂದ ದಿನಾ ಬೆಳಿಗ್ಗೆ ಅಂಗಡಿ ತೆರೆಯುವ ಹೊತ್ತಿಗೆ ಬಂದು ಹಿಂದಿನ ಗೋದಾಮಿನಲ್ಲಿ ನಿಲ್ಲುತ್ತಿದ್ದಳು. ಹಗುರ ಯಂತ್ರ, ಹೊರಗಿನ ಗಾಳಿ ತಾಳದು ಎಂದು ಮೊದಲೇ ಅರ್ಥ ಮಾಡಿಕೊಂಡಿದ್ದಳು. ಗೋದಾಮಿನ ಫ್ಯಾನನ್ನೂ ಆರಿಸುತ್ತಿದ್ದಳು. ಕಸಬರಿಗೆಯ ದಪ್ಪ ಕಡ್ಡಿಗಳನ್ನು ಅಡ್ಡಡ್ಡ ಕಟ್ಟಿ, ತುದಿಗೆ ನಾಲ್ಕು ಪ್ಲಾಸ್ಟಿಕ್ ಚೆಂಡು ಸಿಕ್ಕಿಸಿ, ಅದನ್ನು ಹೆಲಿಕಾಪ್ಟರಿನ ಕಾಲಿಗೆ ಕಟ್ಟಿದಳು. ಇಳಿಯುವಾಗ ಮಗುಚದಿರಲಿ ಎಂದು. ಮೊದಲ ವಾರ ಗೇಣುದ್ದ ಎಬ್ಬಿಸುವುದು, ಇಳಿಸುವುದು, ಇಷ್ಟೇ. ಅಷ್ಟು ಕೆಳಗೆ ಅದು ತಾನೇ ತಳ್ಳಿದ ಗಾಳಿ ನೆಲಕ್ಕೆ ಬಡಿದು ಮೇಲೆ ಬಂದು ತನ್ನನ್ನೇ ಅಲುಗಿಸುತ್ತದೆ. ಮೊಣಕಾಲಿಗಿಂತ ಮೇಲೆ ಒಯ್ದರೆ ತೆಪ್ಪಗಾಗುತ್ತದೆ ಎಂಬುದನ್ನು ಆಕೆಗೆ ಯಾರೂ ಹೇಳಿಕೊಡಲಿಲ್ಲ. ಹೇಳಿಕೊಡಲು ನಮಗೆ ಗೊತ್ತಿರಲಿಲ್ಲ.

ಎರಡನೇ ವಾರ ಅದರ ಮೂಗು ಆಕೆಯ ಕಡೆ ತಿರುಗಿತು. ಆಗ ನಮ್ಮ ಎಡ ಅದರ ಬಲ. ಆಕೆ ಎಡಕ್ಕೆ ಒತ್ತಿದರೆ ಅದು ಬಲಕ್ಕೆ ಓಡಿ ಗೋಣಿಚೀಲಗಳ ಮೇಲೆ ಬಿತ್ತು, ರೆಕ್ಕೆ ಮುರಿಯಿತು. ಅಂದಿನಿಂದ ಬಾಲ ತನ್ನ ಕಡೆಗೇ ಇರಬೇಕೆಂದು ನಿಯಮ ಮಾಡಿಕೊಂಡಳು. ಹೊಸ ರೆಕ್ಕೆಗಳನ್ನು ಹಾಕುವ ಮುಂಚೆ ಚಿನ್ನ ತೂಗುವ, ಗಂಡನ ಚಿನಿವಾರಿ ತಕ್ಕಡಿ ತಂದು ಒಂದೊಂದನ್ನೇ ತೂಗಿದಳು. ಒಂದು, ಅರ್ಧ ಗುಲಗಂಜಿಯಷ್ಟು ಹಗುರ. ಅದರ ತುದಿಗೆ ಸಣ್ಣ ಚೂರು ಟೇಪು ಅಂಟಿಸಿದಳು. ಮಾಂತು ಕಣ್ಣು ಕಿರಿದು ಮಾಡಿ ನೋಡಿದ.

"ಅವ್ವಾ, ವಿಮಾನ ವಿಜಾಪುರಕ್ಕ ಯಾವಾಗ ಹೊಂಡತದ?"

"ನೀ ಹೊಟ್ಟಿ ಇಳಿಸಪಾ. ನಿನ್ನೂ ಕುಂಡ್ರಿಸಿಕೊಂಡು ಹೋಗ್ತೀನಿ."

ಬ್ಯಾಟರಿ ಎಂಟು ನಿಮಿಷ ಹಾರಿಸುತ್ತದೆ, ಮತ್ತೆ ತುಂಬಲು ಒಂದು ತಾಸು ಬೇಕು. ಆ ತಾಸು ಆಕೆ ಸುಮ್ಮನೆ ಕೂರದೆ ಕಿಟಕಿಯ ಬದಿಯ ರಾಶಿಯಿಂದ ಒಂದೊಂದನ್ನು ಎತ್ತಿಕೊಂಡು ಸರಿಮಾಡುತ್ತಿದ್ದಳು. ನಾನು ಕಂಡೂ ಕಾಣದಂತೆ ಇದ್ದೆ. ಪುಕ್ಕಟೆ ಕೆಲಸವನ್ನು ಬೇಡವೆನ್ನುವ ವರ್ತಕ ನಾನಲ್ಲ.

ಖಂಡೇನವಮಿ ಬಂತು. ಆವತ್ತು ಕಸುಬಿನ ಸಾಮಾನಿಗೆಲ್ಲ ಪೂಜೆ. ಪೂಜೆಯಾದದ್ದನ್ನು ಆ ದಿನ ಯಾರೂ ಮುಟ್ಟಿ ದುಡಿಸುವುದಿಲ್ಲ. ನನ್ನ ಹೆಂಡತಿ ಇಂದೂ ಧಾರಾಳದ ಕೈಯವಳು. ತಕ್ಕಡಿ, ಟೆಲಿಫೋನು, ಕಂಪ್ಯೂಟರು, ಮಾಂತುವಿನ ಸೈಕಲ್ಲು, ಎಲ್ಲಕ್ಕೂ ಗಂಧ, ಕುಂಕುಮ, ಅಕ್ಷತೆ. ಶಿವಬಸವ್ವನ ಹೆಲಿಕಾಪ್ಟರಿಗೂ ಬಿತ್ತು: ಮೇಲಿನ ಜೋಡಿಯಲ್ಲಿ ಈಚೆಗೆ ಚಾಚಿದ್ದ ಒಂದು ರೆಕ್ಕೆಯ ತುದಿಗೆ, ಎಂಟಾಣೆಯಗಲ ಗಂಧ, ಅದರಲ್ಲಿ ನಾಲ್ಕು ಅಕ್ಕಿಕಾಳು.

ದಸರಾದ ಬೆಳಿಗ್ಗೆ ನಾನು ಅದನ್ನು ನೋಡಿದೆ. ಒಣಗಿ ಕಲ್ಲಾಗಿತ್ತು. ಆ ಭಾರಕ್ಕೆ ರೆಕ್ಕೆಗಳ ಸಮತೂಕ ಕೆಡುತ್ತದೆಂದು, ಆಕೆ ರೆಕ್ಕೆ ತೂಗುವುದನ್ನು ಕಂಡಿದ್ದ ನನಗೆ ತಿಳಿಯಿತು. ಸುಮ್ಮನಿದ್ದೆ. ದೇವರ ಗಂಧ, ನಾನ್ಯಾಕೆ ಒರೆಸಲಿ?

ಬನ್ನಿ ಕೊಡಲು ಬಂದಿದ್ದ ಹತ್ತಿಪ್ಪತ್ತು ಜನ ಗೋದಾಮಿನಲ್ಲಿ ಸೇರಿದರು. ಸಿದ್ರಾಮಪ್ಪ ಗೋಡೆಗೆ ಒರಗಿ ನಿಂತಿದ್ದ. ಶಿವಬಸವ್ವ ಸೆರಗು ಸಿಕ್ಕಿಸಿ ರಿಮೋಟ್ ಹಿಡಿದಳು. ರೆಕ್ಕೆಗಳು ತಿರುಗಿದವು, ಹೆಲಿಕಾಪ್ಟರು ನೆಲದ ಮೇಲೇ ಗಡಗಡ ನಡುಗತೊಡಗಿತು.

"ಅವ್ವಾ, ಗಾಡಿಗಿ ಚಳಿಜ್ವರ ಬಂದದ!" ಎಂದು ಮಾಂತು ಕೂಗಿದ. ಜನ ನಕ್ಕರು. ಆಕೆ ಆರಿಸಿದಳು.

"ಮುಗೀತಲ್ಲ?" ಎಂದೆ.

"ಇನ್ನೂ ನೆಲ ಬಿಟ್ಟಿಲ್ಲ, ಸಾವ್ಕಾರ್ರ. ನಿಮಿಷ ಶುರು ಆಗಿಲ್ಲ."

ಬಗ್ಗಿ ಒಂದೊಂದೇ ರೆಕ್ಕೆಯನ್ನು ಬೆರಳ ಮೇಲೆ ಎತ್ತಿ ನೋಡಿದಳು. ಗಂಧ ಕಂಡಿತು. ತಲೆಯೆತ್ತಿ ನನ್ನ ಮುಖವನ್ನೂ ನೋಡಿದಳು.

"ದೇವರ ಗಂಧ ಅದು, ಒರಸಬ್ಯಾಡ್ರಿ" ಎಂದಳು ಇಂದೂ, ಗಾಬರಿಯಿಂದ.

"ಒರಸಂಗಿಲ್ಲ ತಂಗಿ. ನಮ್ಮ ಮನ್ಯಾಗ ತಕ್ಕಡಿ ತಟ್ಟಿಗೆ ಹಚ್ಚಿದ್ದನ್ನ ಮರುದಿನಾ ನಾವು ಹಣಿಗೆ ಹಚ್ಚಿಕೊಳ್ತೀವಿ. ಇಲ್ಲಾಂದ್ರ ಗಿರಾಕಿಗೆ ಗಂಧದ ತೂಕ ಹೋಗ್ತದ." ಬೆರಳು ಒದ್ದೆ ಮಾಡಿಕೊಂಡು ಗಂಧವನ್ನು ನಿಧಾನಕ್ಕೆ ಕರಗಿಸಿ, ಪೂರಾ ತೆಗೆದು ತನ್ನ ಹಣೆಗೆ ಹಚ್ಚಿಕೊಂಡಳು. ಅಕ್ಕಿಕಾಳನ್ನು ತಲೆಯ ಮೇಲೆ ಹಾಕಿಕೊಂಡಳು. ರೆಕ್ಕೆಯನ್ನು ಸೆರಗಿನಿಂದ ಒಣಗಿಸಿ, ಮತ್ತೆ ಹಿಂದೆ ಸರಿದು ನಿಂತಳು.

ಈ ಸಲ ನಡುಗಲಿಲ್ಲ. ಎದೆಯ ಮಟ್ಟಕ್ಕೆ ಎದ್ದು, ಮೊಳೆ ಹೊಡೆದಂತೆ ಅಲ್ಲೇ ನಿಂತಿತು. ಮಾಂತು ಗಡಿಯಾರ ಹಿಡಿದು ಎಣಿಸಿದ. ನಲವತ್ತರ ಹೊತ್ತಿಗೆ ಅವನ ದನಿ ಮೆತ್ತಗಾಗಿ, ಅರವತ್ತಕ್ಕೆ ಅವನೇ ಚಪ್ಪಾಳೆ ತಟ್ಟಿದ. ಆಕೆ ಇಳಿಸಲಿಲ್ಲ. ಎರಡು ನಿಮಿಷ ತುಂಬಿದ ಮೇಲೆ ಇಳಿಸಿದಳು.

"ಒಂದು ನಿಮಿಷ ಮೇಜಿಗೆ. ಇನ್ನೊಂದು, ಗಂಧ ನೋಡಿಯೂ ನೋಡದಂಗ ನಿಂತೋರಿಗೆ" ಎಂದಳು.

ಮರುದಿನ ಕಿಟಕಿಯ ಪಕ್ಕದ ಮೇಜಿಗೆ ಕೂತಳು. ಆ ವಾರವೇ ರಿತೇಶ್ ಎಂಬ ಖರಾಡಿಯ ಇಂಜಿನಿಯರ್ ಮೊದಲ ಹೆಲಿಕಾಪ್ಟರ್ ಕೊಳ್ಳಲು ಬಂದ. ನಾನು ದೊಡ್ಡದರ ಡಬ್ಬಿ ಬಿಚ್ಚುತ್ತಿದ್ದಾಗ ಮೇಜಿನಿಂದ ದನಿ ಬಂತು: "ಅದು ನಿಮಗೀಗ ಬ್ಯಾಡ್ರಿ. ಸಣ್ಣದು ಒಯ್ರಿ, ಮನಿಯೊಳಗ ಕಲೀರಿ. ಬಿಡಿಭಾಗ ಎಲ್ಲಿ ಸಿಗ್ತದ ಅಂತ ಕೇಳಿಯೇ ತಗೋರಿ. ದೊಡ್ಡದಕ್ಕ ಆಮ್ಯಾಲ ಬರ್ರಿ." ಅವನು ಸಣ್ಣದನ್ನೇ ಒಯ್ದ. ನಾನು ಆಕೆಯೊಂದಿಗೆ ಎರಡು ದಿನ ಮಾತಾಡಲಿಲ್ಲ. ಆರು ತಿಂಗಳಿಗೆ ರಿತೇಶ್ ದೊಡ್ಡದಕ್ಕೆ ಬಂದ, ತನ್ನಂಥ ಮೂವರನ್ನು ಕರೆದುಕೊಂಡು. ಅಷ್ಟರಲ್ಲಿ ಆಕೆ ನನ್ನನ್ನು ಕೇಳದೆ ನನ್ನ ಹಿತ್ತಾಳೆ ತಕ್ಕಡಿಯನ್ನೂ ನೆಟ್ಟಗೆ ಮಾಡಿಟ್ಟಿದ್ದಳು.

ಈಗ ಯಾರಾದರೂ ಬಂದು ಮೊದಲಿಗೆ ಯಾವುದು ಎಂದು ಕೇಳಿದರೆ ನಾನೇ ಏಣಿಯಿಲ್ಲದೆ ಕೈಗೆ ಸಿಗುವ ಹಲಗೆಯಿಂದ ಸಣ್ಣದನ್ನು ತೆಗೆದುಕೊಡುತ್ತೇನೆ. ಗಿರಾಕಿಗೆ ಒಗ್ಗದ ಸಾಮಾನನ್ನು ಒಗ್ಗದು ಎಂದು ಹೇಳಲು ನನಗೆ ಕಲಿಸಿದವಳು ಶಿವಬಸವ್ವ. ಅದಕ್ಕಾಗಿ ನಾನು ಆಕೆಯ ಋಣದಲ್ಲಿದ್ದೇನೆ.