ಮನೆ ಮುಂದಿನ ಹೊಳೆಗೆ ಬಿದ್ದ ಬಿಂದುಮಾಧವರು

ಧಾರವಾಡದ ಬಿಂದುಮಾಧವರು ಗೋವಾದ ಕುಡಚಡೆಗೆ ಬಂದು ನೆಲೆಸಿ ಬಹಳ ವರ್ಷಗಳಾಗಿದ್ದವು. ಅದಿರಿನ ಕಂಪನಿಯೊಂದರಲ್ಲಿ ಕೆಲಸ. ಕಳೆದ ವರ್ಷ ಆಫೀಸಿನಲ್ಲೇ ಎದೆನೋವು ಬಂದು ಕುಸಿದರು. ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಹಾಕಿದ ಮೇಲೆ ಡಾಕ್ಟರು, ಇನ್ನು ಮೊದಲಿನ ಹಾಗೇ ಓಡಾಡಿ ಎಂದರು. ಇವರು ನಂಬಲಿಲ್ಲ. ತುಂಬಿದ ಕೊಡ ಎತ್ತುತ್ತಿರಲಿಲ್ಲ, ಮೆಟ್ಟಿಲ ನಡುವೆ ನಿಂತು ನಾಡಿ ನೋಡಿಕೊಳ್ಳುತ್ತಿದ್ದರು. ಹೆಂಡತಿ ಮೃದುಲಾ ಗಂಡನ ಮುಖ ನೋಡುತ್ತಲೇ ದಿನ ನೂಕುತ್ತಿದ್ದರು.

ಮನೆ ಮುಂದೆ ಹರಿಯುವ ಜುವಾರಿ ಹೊಳೆಯ ಸೇತುವೆಯ ಹತ್ತಿರ ಹುಬ್ಬಳ್ಳಿಯ ಅಲ್ತಾಫ ಎಂಬವನು ಜನರನ್ನು ಕಯಾಕ್ ಎಂಬ ಸಣ್ಣ ಹುಟ್ಟುದೋಣಿಯಲ್ಲಿ ವಿಹಾರಕ್ಕೆ ಕರೆದೊಯ್ಯುತ್ತಿದ್ದ. ಒಂದು ಭಾನುವಾರ ಮೃದುಲಾ ಹಟ ಹಿಡಿದರು.

"ಎಲ್ಲಿಗೂ ಬ್ಯಾಡ ಅಂತೀರಿ. ಮನಿ ಮುಂದಿನ ಹೊಳಿಗಾದ್ರೂ ಬರ್ರಿ. ಡಾಕ್ಟರನ್ನ ಕೇಳೇನಿ, ಹೂಂ ಅಂದಾರ."

ಇಬ್ಬರಿಗೂ ಸೇರಿ ಒಂದೇ ಕಯಾಕ್. ಅಲ್ತಾಫ ಇನ್ನೊಂದರಲ್ಲಿ ಮುಂದೆ ಹೊರಟ. ದಿನಾ ಸ್ಕೂಟರಿನ ಮೇಲೆ ದಾಟುವ ಸೇತುವೆಯನ್ನು ಬಿಂದುಮಾಧವರು ಅವತ್ತೇ ಮೊದಲು ಕೆಳಗಿನಿಂದ ನೋಡಿದ್ದು. ಕಂಬದ ಸಂದಿಯಲ್ಲಿ ನೀರುಕಾಗೆಗಳು ರೆಕ್ಕೆ ಒಣಗಿಸುತ್ತಿದ್ದವು. ಹುಟ್ಟು ಹಾಕುವ ಕೈ ಮಾತ್ರ ಅಳುಕುತ್ತಲೇ ಇತ್ತು.

ಅಷ್ಟರಲ್ಲಿ ಅದಿರು ಸಾಗಿಸುವ ದೊಡ್ಡ ಬಾರ್ಜ್ ದೋಣಿಯೊಂದು ಹಾದುಹೋಯಿತು. ಅದರ ತೆರೆ ಅಡ್ಡ ಬಡಿದು ಕಯಾಕ್ ಮಗುಚಿತು. ಈಜು ಬಾರದ ಮೃದುಲಾ ಲೈಫ್ ಜಾಕೆಟ್ಟಿನಲ್ಲಿ ತೇಲುತ್ತಿದ್ದರೂ ಗಾಬರಿಯಿಂದ ಕೈಕಾಲು ಬಡಿಯುತ್ತ ಸೆಳವಿನಲ್ಲಿ ದೂರ ಹೋಗತೊಡಗಿದರು. ಬಾಲ್ಯದಲ್ಲಿ ಬಾವಿಯಲ್ಲಿ ಈಜು ಕಲಿತ ಬಿಂದುಮಾಧವರು ಏನೂ ಯೋಚಿಸದೆ ನೀರು ಸೀಳುತ್ತ ಹೋಗಿ, ಆಕೆಯ ಜಾಕೆಟ್ ಹಿಡಿದು, ಕಯಾಕಿನತ್ತ ಎಳೆದು ತಂದರು.

"ರೀ, ನಿಮ್ಮ ಎದಿ!" ಮೃದುಲಾ ನೀರು ಉಗುಳುತ್ತ ಚೀರಿದರು.

"ಎದಿಗೇನಾಗೇದ? ನೀ ಮೊದ್ಲ ಇದನ್ನ ಗಟ್ಟಿ ಹಿಡಿ!"

ಅಲ್ತಾಫ ಧಾವಿಸಿ ಬಂದು ಇಬ್ಬರನ್ನೂ ದಂಡೆಗೆ ಸೇರಿಸಿದ. ಥರ್ಮಾಸಿನಿಂದ ಚಹಾ ಬಗ್ಗಿಸಿ ಕೊಟ್ಟ. ಬಿಂದುಮಾಧವರ ಎದೆ ಜೋರಾಗಿ ಹೊಡೆದುಕೊಳ್ಳುತ್ತಿತ್ತು. ಅವರು ಹೆದರಿ ಕಾದರು. ನೋವಿಲ್ಲ. ಸ್ವಲ್ಪ ಹೊತ್ತಿನಲ್ಲಿ ಬಡಿತ ತಾನಾಗಿಯೇ ಇಳಿಯಿತು, ಓಡಿ ಬಂದು ಕೂತ ಯಾರಿಗಾದರೂ ಇಳಿಯುವ ಹಾಗೆ. ಅವರಿಗೆ ನಗು ಬಂತು.

ಪಕ್ಕದಲ್ಲಿ ಮೃದುಲಾ ಅಳುತ್ತಿದ್ದರು.

"ಯಾಕ, ಎಲ್ಲಾದ್ರೂ ಪೆಟ್ಟಾತೇನು?"

"ಇಲ್ರೀ. ವರ್ಷದಿಂದ ಉಸಿರು ಬಿಗಿಹಿಡಕೊಂಡು ಕೂತಿದ್ದೆ. ಈಗ ಹಗುರಾತು."

ಬಿಂದುಮಾಧವರು ಹೊಳೆಯ ಕಡೆ ತಿರುಗಿದರು. "ಅಲ್ತಾಫ, ಆ ತಿರುವಿನ ಆಚಿ ಏನದಪಾ?"

"ಸಣ್ಣ ನಡುಗಡ್ಡಿ ಐತ್ರಿ ಸರ್. ಬೆಳ್ಳಕ್ಕಿ ಭಾಳ ಬರ್ತಾವ."

"ಇನ್ನೂ ಹೊತ್ತದ. ನೋಡಿ ಬರೋಣೇನು?"

ಮೃದುಲಾ ಕಣ್ಣೊರೆಸಿಕೊಂಡು ಲೋಟ ಎತ್ತಿದರು. "ಚಹಾ ಕುಡಿಲಿಕ್ಕೆ ಬಿಡ್ರಿ ಮೊದ್ಲ. ಆಮ್ಯಾಲೆ ಹೋಗೋಣಂತ."