ನಿಂತು ಬರೆದ ಪರೀಕ್ಷೆ

ನಾಲ್ಕನೆಯ ಕ್ಲಾಸಿಗೆ ಸೇರುವಾಗ ನನಗೆ ಮದುವೆಯಾಗಿ ಕೆಲವು ವರ್ಷಗಳಾಗಿದ್ದವು. ಮೂಡಿಗೆರೆಯಿಂದ ಬಣಕಲ್ಲಿಗೆ ಹೋಗುವ ದಾರಿಯಲ್ಲಿ, ನಾವು ಕೆಲಸಕ್ಕಿದ್ದ ಕಾಫಿ ಎಸ್ಟೇಟಿನ ಬೇಲಿಗೆ ತಾಗಿದಂತೆ ಆ ಶಾಲೆ ಇತ್ತು. ಒಂದೇ ಕೋಣೆ, ಒಬ್ಬರೇ ಮೇಷ್ಟ್ರು, ನಾಲ್ಕು ಕ್ಲಾಸು. ನಾಲ್ಕನೆಯ ಕ್ಲಾಸಿನವರು ಕೊನೆಯ ಸಾಲಿನಲ್ಲಿ ಕೂರುತ್ತಿದ್ದರು. ಅವರ ಹಿಂದೆ ಗೋಡೆಗೆ ಬೆನ್ನು ಕೊಟ್ಟು ನಾನು. ಸೀರೆ ಉಟ್ಟ ವಿದ್ಯಾರ್ಥಿ ನಾನೊಬ್ಬಳೇ.

ಇದಕ್ಕೆಲ್ಲ ಕಾರಣ ನನ್ನ ಅತ್ತೆ. ಎಸ್ಟೇಟಿನ ಲೈನುಗಳಲ್ಲಿ, ಅಂದರೆ ಆಳುಗಳ ಸಾಲುಮನೆಗಳಲ್ಲಿ, ಹೆರಿಗೆ ಮಾಡಿಸುತ್ತಿದ್ದವರು ಅವರು. ನಾನು ಕಾಫಿ ಒಣಗಿಸುವ ಕಣದಲ್ಲಿ ಕೆಲಸಕ್ಕಿದ್ದೆ. ಕರೆ ಬಂದರೆ ಅತ್ತೆಯ ಕೈಯಾಳಾಗಿ ಹೋಗುತ್ತಿದ್ದೆ. ಒಮ್ಮೆ ಡಿಸ್ಪೆನ್ಸರಿಯ ಡಾಕ್ಟರು ನಮ್ಮ ಕೆಲಸ ನೋಡಿ, ಚಿಕ್ಕಮಗಳೂರಿನ ಆಸ್ಪತ್ರೆಯಲ್ಲಿ ಸೂಲಗಿತ್ತಿಯರಿಗೆ ತರಬೇತಿ ಕೊಡುತ್ತಾರೆ, ನೀನು ಹೋಗಬಾರದೇಕೆ ಎಂದರು. ಆದರೆ ನಾಲ್ಕನೆಯ ಕ್ಲಾಸು ಪಾಸಾಗಿರಬೇಕಿತ್ತು. ನಾನು ಮೂರಕ್ಕೇ ಬಿಟ್ಟವಳು. ವಯಸ್ಸಿಗೂ ಮಿತಿಯಿತ್ತು. ಆ ವರ್ಷ ಪಾಸಾದರೆ ಸರಿ, ಇಲ್ಲದಿದ್ದರೆ ಜನ್ಮಪೂರ್ತಿ ಕಣವೇ ಗತಿ.

ನನ್ನ ಗಂಡ ಯೋಚಿಸೋಣ ಎಂದರು. ಅತ್ತೆ ಯೋಚಿಸಲು ಬಿಡಲಿಲ್ಲ.

“ನೀ ಹೋಗು ಮಾರಾಯ್ತಿ. ಬೀಸೋದು ಕುಟ್ಟೋದಕ್ಕೆ ನಾನಿಲ್ವಾ? ನನ್ ಕಾಲಕ್ಕೆ ಯಾರೂ ಕರೀಲಿಲ್ಲ, ನಿನ್ನ ಕರ್ದಿದಾರೆ.”

ಎಸ್ಟೇಟಿನ ಗಂಟೆ ಬಾರಿಸುವ ಮೊದಲೇ ಏಳುವ ಮನೆ ನಮ್ಮದು. ಹಾಗಾಗಿ ಓದನ್ನು ದಿನದೊಳಗೆ ಹೊಂದಿಸುವುದು ಕಷ್ಟವಾಗಲಿಲ್ಲ. ಒಂದೊಂದು ಕೆಲಸಕ್ಕೆ ಒಂದೊಂದು ಪಾಠ ಕಟ್ಟಿಬಿಟ್ಟೆ. ನೀರು ಸೇದುವಾಗ ಮಗ್ಗಿ. ಹನ್ನೆರಡರ ಮಗ್ಗಿ ಮುಗಿಯುವಷ್ಟರಲ್ಲಿ ಹಂಡೆ ತುಂಬಬೇಕು. ರೊಟ್ಟಿ ತಟ್ಟುವಾಗ ಪದ್ಯ. ದಾರಿಯಲ್ಲಿ ಸಂಸ್ಥಾನದ ನದಿಗಳು ಮತ್ತು ಜಿಲ್ಲೆಗಳು. ಶಾಲೆ ಬಿಟ್ಟ ಮೇಲೆ ಕಣಕ್ಕೆ ಹೋಗಿ, ಹರಡಿದ್ದ ಕಾಫಿಯನ್ನು ಗುಡ್ಡೆ ಎಳೆದು ಮನೆಗೆ. ಇಷ್ಟು ಸುಖವಾಗಿ ನಾನು ದಿನ ಕಳೆದದ್ದು ಅದಕ್ಕೆ ಮೊದಲು ನೆನಪಿಲ್ಲ.

ಮೇಷ್ಟ್ರು ನನಗಿಂತ ಚಿಕ್ಕವರು. ಬೈಯಬೇಕಾದಾಗಲೆಲ್ಲ ಕೆಮ್ಮುತ್ತಿದ್ದರು. ತಪ್ಪು ಉತ್ತರ ಹೇಳಿದವರ ಮೂಗು ಹಿಡಿದು, ಸರಿ ಹೇಳಿದವರು ಕೆನ್ನೆಗೆ ಬಾರಿಸುವುದು ಆಗಿನ ಪದ್ಧತಿ. ಒಂದು ದಿನ ಭಿನ್ನರಾಶಿಯ ಲೆಕ್ಕ ನನಗೆ ತಪ್ಪಿತು. ಸರಿ ಹೇಳಿದವಳು ಎಸ್ಟೇಟಿನ ಆಳುಗಳ ಮೇಸ್ತ್ರಿಯ ಮಗಳು, ನನ್ನ ಎದೆಯ ಮಟ್ಟಕ್ಕೂ ಬಾರದವಳು. ಮೇಷ್ಟ್ರು ಕೆಮ್ಮಿ ಕಿಟಕಿಯ ಕಡೆ ತಿರುಗಿಕೊಂಡರು. ನನಗೊಂದು ನಿಯಮ, ಮಕ್ಕಳಿಗೊಂದು ನಿಯಮ ಆಗಬಾರದೆಂದು ನಾನೇ ಮಂಡಿಯೂರಿ ಮುಖ ಕೊಟ್ಟೆ. ಅವಳು ಮೆಲ್ಲನೆ ನನ್ನ ಮೂಗು ಹಿಡಿದು, “ನೋವಾದ್ರೆ ಹೇಳಿ ಚಿಕ್ಕಮ್ಮ,” ಎಂದು ಕೇಳಿ, ಆಮೇಲೆ ಸರಿಯಾಗಿಯೇ ಬಾರಿಸಿದಳು. ಅಂದಿನಿಂದ ಇಡೀ ಶಾಲೆಗೆ ನಾನು ಚಿಕ್ಕಮ್ಮನಾದೆ.

ಬೇಸಿಗೆಯ ಮೊದಲಲ್ಲಿ ಪರೀಕ್ಷೆ ಮಾಡಲು ಇನ್‌ಸ್ಪೆಕ್ಟರು ಬಂದರು. ಬಯಲುಸೀಮೆಯವರು, ಕೋಟು, ರುಮಾಲು, ಕಂಕುಳಲ್ಲಿ ಕೊಡೆ. ಒಳಗೆ ಬಂದವರೇ ನನ್ನನ್ನು ನೋಡಿ, ತಾಯಂದಿರು ಹೊರಗೆ ಕಾಯಬೇಕು ಎಂದರು. ಮಕ್ಕಳು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ಮೇಷ್ಟ್ರು ಕೆಮ್ಮಿ, ನಾನೂ ಪರೀಕ್ಷೆಗೆ ಕೂತವಳೆಂದು ವಿವರಿಸಿದರು. ಇನ್‌ಸ್ಪೆಕ್ಟರ ಹುಬ್ಬು ಗಂಟಾಯಿತು. ಇಷ್ಟು ದೊಡ್ಡವರನ್ನು ಮಕ್ಕಳ ಶಾಲೆಯ ವಿದ್ಯಾರ್ಥಿಯೆಂದು ಒಪ್ಪಬಹುದೋ ಇಲ್ಲವೋ, ಬರೆಯುವುದು ಬರೆಯಲಿ, ಕೊನೆಗೆ ತೀರ್ಮಾನಿಸುತ್ತೇನೆ ಎಂದರು. ಪಾಸಾದರೂ ಲೆಕ್ಕಕ್ಕೆ ಬಾರದೆ ಹೋಗಬಹುದು ಎಂಬುದು ನನಗೆ ಹೊಳೆದೇ ಇರಲಿಲ್ಲ.

ಲೆಕ್ಕ ಮುಗಿಯಿತು, ಓದು ಮುಗಿಯಿತು. ಕೊನೆಗೆ ಉಕ್ತಲೇಖನ. ಅವರು ಒಂದು ವಾಕ್ಯವನ್ನು ಬಿಡಿಸಿ ಬಿಡಿಸಿ ಹೇಳುತ್ತಿದ್ದರು, ನಾವು ಸ್ಲೇಟಿನ ಮೇಲೆ ಬರೆಯುತ್ತಿದ್ದೆವು. ಅಷ್ಟರಲ್ಲಿ ಗುಡ್ಡದಾಚೆ ಗುಡುಗಿತು. ಹಿಂದೆಯೇ ಹೊರಗಿನ ತರಗೆಲೆಯ ಮೇಲೆ ಟಪ್ ಟಪ್ ಎಂದು ಹನಿ.

ಶಾಲೆಯ ಪಕ್ಕದಲ್ಲೇ ನೆರೆಯ ಬೆಳೆಗಾರರೊಬ್ಬರ ಕಣ. ಅದರ ತುಂಬ ಒಣಗಲು ಹಾಕಿದ ಕಾಫಿ ಹರಡಿತ್ತು; ನೆನೆದರೆ ಕೆಟ್ಟಂತೆಯೇ. ಆಳುಗಳು ಊಟಕ್ಕೆ ಹೋದ ಹೊತ್ತು. ಕೋಳಿ ಓಡಿಸುವ ಮುದುಕಿಯೊಬ್ಬಳೇ ಅಲ್ಲಿದ್ದಳು. ನಾನು ಎದ್ದದ್ದು ನನಗೇ ಗೊತ್ತಾಗಲಿಲ್ಲ. ಗೊತ್ತಾದಾಗ ಕಣದಲ್ಲಿದ್ದೆ, ಕೈಯಲ್ಲಿ ಕಾಫಿ ಎಳೆಯುವ ಹಲಗೆಯಿತ್ತು. ಹಿಂತಿರುಗಿ ನೋಡಿದರೆ ನಾಲ್ಕೂ ಕ್ಲಾಸು ನನ್ನ ಹಿಂದೆ. ದೊಡ್ಡವರು ಹಲಗೆ ಹಿಡಿದರು, ಚಿಕ್ಕವರು ಕೈಯಲ್ಲೇ ಬಾಚಿದರು. ಯಾರಿಗೂ ಏನೂ ಹೇಳಿಕೊಡಬೇಕಾಗಲಿಲ್ಲ. ಗೋಣಿ ಹೊದಿಸುವಾಗ ಇನ್ನೊಂದು ತುದಿ ಹಿಡಿದವರನ್ನು ನೋಡಿದೆ: ಮೇಷ್ಟ್ರು. ಗುಡ್ಡೆ ಮುಚ್ಚಿ ಮುಗಿಸುವುದಕ್ಕೂ ಮಳೆ ಸುರಿಯುವುದಕ್ಕೂ ಸರಿಹೋಯಿತು. ಮಕ್ಕಳು ಕುಣಿದರು. ನಾನೂ ನಕ್ಕೆ. ಆಮೇಲೆ ಶಾಲೆಯ ಬಾಗಿಲ ಕಡೆ ನೋಡಿದೆ.

ಇನ್‌ಸ್ಪೆಕ್ಟರು ಕೊಡೆ ಬಿಚ್ಚಿಕೊಂಡು ಹೊಸ್ತಿಲಲ್ಲಿ ನಿಂತಿದ್ದರು.

ನಾವು ನೀರು ಸೋರಿಸುತ್ತ ಒಳಗೆ ಬಂದು ನಿಂತೆವು. ಪರೀಕ್ಷೆಯ ಮಧ್ಯೆ ಎದ್ದು ಓಡಲು ಯಾರು ಅಪ್ಪಣೆ ಕೊಟ್ಟರು ಎಂದು ಅವರು ಕೇಳಿದರು. ಮೇಷ್ಟ್ರ ಕೋಟಿಗೆ ಕಾಫಿ ಸಿಪ್ಪೆ ಅಂಟಿತ್ತು. ಅವರು ಈ ಸಲ ಕೆಮ್ಮಲೂ ಇಲ್ಲ.

“ಮೊದ್ಲು ಎದ್ದೋಳು ನಾನು ಸ್ವಾಮಿ,” ಎಂದೆ. “ಕಣದಲ್ಲಿ ಕಾಫಿ ಇದ್ದಾಗ ಹನಿ ಬಿದ್ರೆ ಇಲ್ಲಿ ಯಾರೂ ಅಪ್ಪಣೆ ಕೇಳಲ್ಲ. ಮಕ್ಕಳು ನನ್ ಹಿಂದೆ ಬಂದವು. ಫೇಲ್ ಮಾಡೋದಾದ್ರೆ ನನ್ನ ಮಾಡಿ.”

“ಯಾರನ್ನು ಏನು ಮಾಡಬೇಕೆಂದು ನನಗೆ ಗೊತ್ತಿದೆ,” ಎಂದರು ಅವರು. ಉಕ್ತಲೇಖನ ಮೊದಲಿಂದ ನಡೆಯುತ್ತದೆ; ಎದ್ದು ಓಡಿದ ವಿದ್ಯಾರ್ಥಿಗಳೆಲ್ಲ ಶಿಕ್ಷೆಯಾಗಿ ನಿಂತೇ ಬರೆಯಬೇಕು, ಎತ್ತರದ ಪ್ರಕಾರ ಸಾಲು ಕಟ್ಟಿ ಎಂದು ಆಜ್ಞೆಯಾಯಿತು.

ಮಕ್ಕಳು ಸಾಲಾದರು. ‘ವಿದ್ಯಾರ್ಥಿಗಳು’ ಎಂಬ ಆ ಮಾತಿನೊಳಗೆ ನಾನೂ ಬರುತ್ತೇನೋ ಇಲ್ಲವೋ ತಿಳಿಯದೆ ಬದಿಯಲ್ಲೇ ನಿಂತಿದ್ದೆ. ಅವರು ಕನ್ನಡಕದ ಮೇಲಿಂದ ನೋಡಿದರು.

“ನಿಮಗೆ ಬೇರೆ ಹೇಳಬೇಕೇ? ಸಾಲಿನ ಕೊನೆಗೆ ಹೋಗಿ.”

ಶಿಕ್ಷೆ ಸಿಕ್ಕಿದ್ದಕ್ಕೆ ಅಷ್ಟು ಸಂತೋಷಪಟ್ಟವರು ಆ ಶಾಲೆಯಲ್ಲಿ ನನಗಿಂತ ಮೊದಲು ಯಾರೂ ಇರಲಾರರು. ಸಾಲಿನ ಕೊನೆಗೆ ಓಡಿದೆ. ಒದ್ದೆ ಕೈಯಲ್ಲಿ ಸ್ಲೇಟುಗಳೂ ಒದ್ದೆಯಾಗಿ ಬಳಪ ಹತ್ತಲಿಲ್ಲ. ಒಣ ಬಟ್ಟೆ ಯಾರ ಮೈಮೇಲೂ ಇರಲಿಲ್ಲ. ಇನ್‌ಸ್ಪೆಕ್ಟರು ತಮ್ಮ ಕರವಸ್ತ್ರವನ್ನು ಮೊದಲನೆಯ ಮಗುವಿನ ಕೈಗೆ ಕೊಟ್ಟರು. ಅದು ಸ್ಲೇಟಿನಿಂದ ಸ್ಲೇಟಿಗೆ ಸಾಗಿ ನನ್ನ ಹತ್ತಿರ ಬರುವಷ್ಟರಲ್ಲಿ ಇದ್ದಿಲಿನಂತಾಗಿತ್ತು. ನಾನು ನನ್ನ ಸ್ಲೇಟು ಒರೆಸಿ, ಅದನ್ನು ನಾಲ್ಕು ಮಡಿಕೆ ಮಾಡಿ ಮೇಜಿನ ಮೇಲಿಟ್ಟು ಬಂದೆ. ಮಳೆಯ ಸದ್ದಿಗೆ ಅವರು ಕೂಗಿ ಹೇಳಬೇಕಾಯಿತು. ನಾವು ಬರೆದೆವು.

ಹೊರಡುವ ಮುಂಚೆ ಅವರು ಪಾಸಾದವರನ್ನು ಕೂಗಿದರು. ನನ್ನ ಹೆಸರು ಉಳಿದವರ ನಡುವೆಯೇ ಬಂತು, ಹಿಂದೆ ಮುಂದೆ ಬೇರೆ ಮಾತಿಲ್ಲದೆ. ಮೇಸ್ತ್ರಿಯ ಮಗಳು ನನ್ನ ಒದ್ದೆ ಸೆರಗು ಹಿಡಿದು ಜಗ್ಗಿದಳು.

ಮನೆಗೆ ಬಂದು ಅತ್ತೆಗೆ ಎಲ್ಲ ಹೇಳಿದೆ. ಅವರು ಮೊದಲು ಕೇಳಿದ್ದು ಕಾಫಿ ನೆನೆಯಿತೇ ಎಂದು. ಇಲ್ಲ ಎಂದೆ. ಆಮೇಲೆ ಪರೀಕ್ಷೆ ಏನಾಯಿತೆಂದು ಕೇಳಿದರು. ಪಾಸು, ಉಕ್ತಲೇಖನದಲ್ಲಿ ಮಾತ್ರ ಒಂದು ತಪ್ಪು ಎಂದೆ. ಅವರು ಸೆರಗಿನಿಂದ ಕಣ್ಣೊರೆಸಿಕೊಂಡು ನನ್ನ ತಲೆ ಒರೆಸತೊಡಗಿದರು. ಅಷ್ಟರಲ್ಲಿ ಪಕ್ಕದ ಮನೆಯವರು ಏನು ಗಲಾಟೆ ಎಂದು ಇಣುಕಿದರು.

“ನಮ್ಮ ಹುಡುಗಿ ಪಾಸು,” ಎಂದು ಅತ್ತೆ ಇಡೀ ಲೈನಿಗೆ ಕೇಳುವಂತೆ ಹೇಳಿದರು. “ಒಂದೇ ತಪ್ಪಂತೆ. ಆ ಪುಣ್ಯಾತ್ಮ ಕೂತ್ಕೊಂಡು ಬರಿಯೋಕೆ ಬಿಟ್ಟಿದ್ರೆ ಅದೂ ಆಗ್ತಿರ್ಲಿಲ್ಲ.”