ಸುರಗಿಜಡ್ಡಿಯ ಬೆಲ್ಲ-ನೀರು

ದೆವ್ವ ಭೂತದ ಕತೆ ಹೇಳುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಅಷ್ಟಕ್ಕಷ್ಟೇ. ಕತೆಯ ನಡುವೆ ಅವರು ದನಿ ಇಳಿಸುತ್ತಾರಲ್ಲ, ಅಲ್ಲಿಗೇ ನನಗೆ ನಗು ಬಂದುಬಿಡುತ್ತಿತ್ತು. ನೀನೇ ಕಂಡಿದ್ದಾ, ಬೇರೆಯವರು ಕಂಡಿದ್ದಾ ಎಂದು ಕೇಳಿ ಬಾಯಿ ಮುಚ್ಚಿಸುವುದು ನನ್ನ ಚಾಳಿ. ಈಗ ನನ್ನದೇ ಒಂದನ್ನು ಬರೆಯಲು ಕೂತಿದ್ದೇನೆ. ನಗುವವರು ನಗಬಹುದು, ಅವರ ಜಾಗದಲ್ಲಿ ನಾನಿದ್ದರೂ ನಗುತ್ತಿದ್ದೆ. ಒಂದು ಮಾತು ಮಾತ್ರ ಮೊದಲೇ ಹೇಳಿಬಿಡುತ್ತೇನೆ. ಇದು ನಡೆದದ್ದು ಅಮಾವಾಸ್ಯೆಯ ರಾತ್ರಿಯಲ್ಲಲ್ಲ, ಬೇಸಿಗೆಯ ಸುಡುಬಿಸಿಲಿನ ಮಧ್ಯಾಹ್ನ.

ಎರಡು ಸಾವಿರದ ಇಸವಿ ಕಳೆದು ಒಂದೆರಡು ವರ್ಷವಾಗಿತ್ತು. ಶಿರಸಿ ಪೇಟೆಯಲ್ಲಿ ನನ್ನದು ಬಾಡಿಗೆ ಜೀಪಿನ ವ್ಯವಹಾರ. ಅಲ್ಲಿಯವರೆಗೆ ಮದುವೆ, ಉಪನಯನ, ಆಸ್ಪತ್ರೆ ಎಂದು ಓಡುತ್ತಿದ್ದ ಜೀಪಿಗೆ ಆಗಷ್ಟೇ ಜಲಪಾತ ನೋಡುವ ಗಿರಾಕಿಗಳು ಸಿಗತೊಡಗಿದ್ದರು. ಒಮ್ಮೆ ಹೆಗ್ಗರಣೆ ಕಡೆ ಕರೆದುಕೊಂಡು ಹೋಗಿದ್ದ ಗಂಡ ಹೆಂಡತಿ ದಾರಿಯುದ್ದಕ್ಕೂ ಇಂಡೋನೇಷ್ಯಾದ ಸುದ್ದಿ ಹೇಳಿದರು. ಅಲ್ಲಿ ಯಾವುದೋ ದ್ವೀಪದಲ್ಲಿ, ಗುಡ್ಡದ ನೆತ್ತಿಯ ಮೇಲೆ ಒಂದು ಹಳ್ಳಿಯಂತೆ. ರಸ್ತೆಯಿಲ್ಲ, ಕರೆಂಟಿಲ್ಲ, ಅರ್ಧ ದಿನ ನಡೆದೇ ಹೋಗಬೇಕು. ಹೋಗಿ ಊರವರ ಮನೆಯ ಚಾಪೆಯ ಮೇಲೆ ಮಲಗಿ, ಅವರು ಬಡಿಸಿದ್ದು ಉಂಡು ಬರಬೇಕು. ಅಷ್ಟಕ್ಕೇ ಎಲ್ಲೆಲ್ಲಿಂದಲೋ ಜನ ವಿಮಾನ ಹತ್ತಿ ಬರುತ್ತಾರಂತೆ. ನಾನು ಸ್ಟೇರಿಂಗ್ ಹಿಡಿದುಕೊಂಡೇ ಯೋಚನೆಗೆ ಬಿದ್ದೆ. ರಸ್ತೆ ಇಲ್ಲದ, ಕರೆಂಟು ಇಲ್ಲದ ಊರಿಗೆ ನಮ್ಮಲ್ಲೇನು ಬರವೇ?

ಹುಡುಕಿದ ಮೇಲೆ ಸಿಕ್ಕಿದ್ದು ಸುರಗಿಜಡ್ಡಿ. ಹೆಗ್ಗರಣೆಯಿಂದಾಚೆ ಜೀಪಿನ ದಾರಿ ಮುಗಿದ ಮೇಲೆ ಕಾಲುದಾರಿ, ಆಮೇಲೆ ಒಂದು ಹಳ್ಳ. ಹಳ್ಳಕ್ಕೆ ಅಡ್ಡಲಾಗಿ ಮರದ ದಿಮ್ಮಿ ಹಾಕಿದ ಕಾಲುಸಂಕ. ಅದನ್ನು ದಾಟಿ ಹುಲ್ಲಿನ ಗುಡ್ಡ ಹತ್ತಿದರೆ ಆ ಕಡೆಯ ಇಳಿಜಾರಿನಲ್ಲಿ ಅಲ್ಲೊಂದು ಇಲ್ಲೊಂದು ಮನೆ. ಮೊದಲ ಮನೆಯೇ ಕನ್ನ ನಾಯ್ಕರದು. ಅಂಗಳದಲ್ಲಿ ನಿಂತರೆ ಕಣಿವೆ ಪೂರ್ತಿ ಕಾಣುತ್ತಿತ್ತು, ದೂರದಲ್ಲಿ ನೀರು ಬೀಳುವ ಬೆಳ್ಳನೆಯ ಗೆರೆಯೂ ಕಾಣುತ್ತಿತ್ತು. ಆ ಇಂಡೋನೇಷ್ಯಾದವರು ಇದನ್ನು ನೋಡಿದರೆ ಹೊಟ್ಟೆ ಉರಿದುಕೊಳ್ಳಬೇಕು ಅನ್ನಿಸಿತು ನನಗೆ.

ನಾಯ್ಕರು ಮನೆ, ಗದ್ದೆ ಎಲ್ಲ ಮಾರುವ ವಿಚಾರದಲ್ಲಿದ್ದರು. ಕಾರಣ ಮಗಳು ಯಶೋದಾ. ಊರಿನ ಶಾಲೆಯಲ್ಲಿ ಇದ್ದಷ್ಟು ಕ್ಲಾಸು ಮುಗಿಸಿದ್ದಳು. ಹೈಸ್ಕೂಲು ಹಳ್ಳದಾಚೆ. ಮಳೆಗಾಲ ಹಿಡಿಯಿತೆಂದರೆ ಸಂಕ ನೀರಿನಡಿಗೆ ಹೋಗುತ್ತದೆ, ಆಮೇಲೆ ಚೌತಿ ಕಳೆಯುವವರೆಗೂ ಆಚೆಯವರು ಆಚೆ, ಈಚೆಯವರು ಈಚೆ. ಹಾಗಾಗಿ ಆ ಊರಿನ ಹೆಣ್ಣುಮಕ್ಕಳಲ್ಲಿ ಹೈಸ್ಕೂಲಿನ ಮೆಟ್ಟಿಲು ಹತ್ತಿದವರೇ ಇರಲಿಲ್ಲ. ಮಳೆ ಬೀಳುವುದರೊಳಗೆ ಮನೆ ಮಾರಿ ಸಿದ್ದಾಪುರ ಪೇಟೆಯಲ್ಲಿ ಬಿಡಾರ ಮಾಡಿದರೆ ಅವಳು ಓದುತ್ತಾಳೆ. ಇಲ್ಲವಾದರೆ ಅವಳ ಓದು ಅಲ್ಲಿಗೇ ಮುಗಿಯಿತು. ನಾನು ಮೊದಲ ಸಲ ಹೋದಾಗ ಇಂಡೋನೇಷ್ಯಾದ ಹಳ್ಳಿಯ ಕತೆ ಹೇಳಿದೆ. ಅದು ಯಾವ ದಿಕ್ಕಿಗೆ ಬರುತ್ತದೆ ಎಂದು ಅವಳು ಕೇಳಿದಳು. ನನಗೂ ಸರಿಯಾಗಿ ಗೊತ್ತಿರಲಿಲ್ಲ, ಸಮುದ್ರದ ಕಡೆ ಎಂದು ಕೈ ತೋರಿಸಿ ತಪ್ಪಿಸಿಕೊಂಡೆ. ಹೈಸ್ಕೂಲಿನಲ್ಲಿ ಭೂಮಿಯ ಗೋಲ ಇರುತ್ತದಂತೆ, ಅದರಲ್ಲಿ ನೋಡುತ್ತೇನೆ ಎಂದಳು.

ಮನೆಯನ್ನು ನಾನೇ ಕೊಂಡು ಗಿರಾಕಿಗಳನ್ನು ಅಲ್ಲಿ ತಂಗಿಸುವುದೆಂದು ಮಾತುಕತೆ ಬಹುಮಟ್ಟಿಗೆ ಕುದುರಿತು. ಸಂತೆಯ ಮರುದಿನ ಬನ್ನಿ, ಗಡಿ ತೋರಿಸಿ ಮಾತು ಗಟ್ಟಿ ಮಾಡೋಣ ಎಂದರು ನಾಯ್ಕರು. ನಾನು ಶಿರಸಿಯವನು. ನನಗೆ ಸಂತೆಯೆಂದರೆ ಶಿರಸಿ ಸಂತೆ. ಅವರಿಗೆ ಸಂತೆಯೆಂದರೆ ಸಿದ್ದಾಪುರದ್ದು ಎಂಬುದು ತಲೆಗೇ ಹೊಳೆಯಲಿಲ್ಲ. ನಮ್ಮ ಸಂತೆಯ ಮರುದಿನ ಬೆಳಿಗ್ಗೆ ಗಡದ್ದಾಗಿ ದೋಸೆ ತಿಂದು ಹೊರಟೆ. ಅದು ಅವರ ಸಂತೆಯ ದಿನ, ಮನೆಮಂದಿಯೆಲ್ಲ ಸಿದ್ದಾಪುರಕ್ಕೆ ಹೋಗಿದ್ದರು.

ಆ ಕಡೆ ಒಂದು ಪದ್ಧತಿಯಿದೆ. ಗುಡ್ಡದ ನೆತ್ತಿಗೆ ಬಂದವರು ಹಾಗೇ ಇಳಿದು ಹೋಗುವಂತಿಲ್ಲ. ಅಲ್ಲಿ ನಿಂತು ಬಾಯಿಗೆ ಕೈ ಅಡ್ಡ ಹಿಡಿದು ‘ಕೂ’ ಎಂದು ಉದ್ದಕ್ಕೆ ಕೂಗು ಹಾಕಬೇಕು. ಕೆಳಗಿನ ಮನೆಯವರು ತಿರುಗಿ ‘ಕೂ’ ಎನ್ನುತ್ತಾರೆ. ಬನ್ನಿ, ನಾಯಿ ಹಿಡಿದುಕೊಂಡಿದ್ದೇವೆ ಎಂದು ಅದರ ಅರ್ಥ. ನಾಯ್ಕರ ನಾಯಿ ಮೊದಲ ಸಲ ನನ್ನ ಪ್ಯಾಂಟಿನ ರುಚಿ ನೋಡಿದ್ದರಿಂದ ನಾನು ಈ ಪದ್ಧತಿಯನ್ನು ಬಹಳ ನಿಷ್ಠೆಯಿಂದ ಪಾಲಿಸುತ್ತಿದ್ದೆ. ಕೂಗು ಹಾಕಿದೆ. ಉತ್ತರವಿಲ್ಲ. ಬೆವರು ಒರೆಸಿಕೊಂಡು ಇನ್ನೊಮ್ಮೆ ಹಾಕಿದೆ. ಕೆಳಗಿನಿಂದ ‘ಕೂ’ ಎಂದು ಸ್ಪಷ್ಟವಾಗಿ ಬಂತು. ಗಂಡಸಿನ ದನಿಯೋ ಹೆಂಗಸಿನ ದನಿಯೋ ಹೇಳಲಾರೆ, ಸ್ವಲ್ಪ ವಯಸ್ಸಾದವರ ದನಿ ಅನ್ನಿಸಿತು. ಸಮಾಧಾನದಿಂದ ಇಳಿದೆ.

ನಾಯಿ ಅಂಗಳದಲ್ಲೇ ಮಲಗಿತ್ತು, ಕಟ್ಟಿರಲಿಲ್ಲ. ನನ್ನನ್ನು ನೋಡಿ ಬಾಲವನ್ನು ಒಮ್ಮೆ ನೆಲಕ್ಕೆ ಬಡಿದು ಮತ್ತೆ ಜಗಲಿಯ ಕಡೆ ಮುಖ ಮಾಡಿತು. ಜಗಲಿಯ ಮೇಲೆ ಒಂದು ತಾಮ್ರದ ತಂಬಿಗೆ, ಅದರ ಪಕ್ಕದಲ್ಲಿ ಬಾಳೆಲೆಯ ತುಂಡಿನ ಮೇಲೆ ಬೆಲ್ಲ. ನಮ್ಮಲ್ಲಿ ಬಂದವರಿಗೆ ಮೊದಲು ಆಸರಿಗೆ, ಅಂದರೆ ಬಾಯಾರಿಕೆಗೆ ಬೆಲ್ಲ-ನೀರು. ಊರು ಸುದ್ದಿ ಎಲ್ಲ ಆಮೇಲೆ. ಮಾದೇವಿ, ಅಂದರೆ ನಾಯ್ಕರ ಹೆಂಡತಿ, ಇಟ್ಟು ಒಳಗೆ ಹೋಗಿರಬೇಕು ಎಂದುಕೊಂಡೆ. ಬೆಲ್ಲ ಬಾಯಿಗೆ ಹಾಕಿ ನೀರು ಕುಡಿದೆ. ಆಗಷ್ಟೇ ಬಾವಿಯಿಂದ ಎತ್ತಿದ ನೀರಿನ ತಂಪು. ತಂಬಿಗೆಯ ಹೊರಮೈಯೆಲ್ಲ ಬೆವರಿತ್ತು. ಅಷ್ಟು ಹಿತವಾದ ನೀರನ್ನು ನಾನು ಕುಡಿದದ್ದು ಕಡಿಮೆ.

ಮಾದೇವಕ್ಕಾ ಎಂದು ಕರೆದೆ, ನಾಯ್ಕರೇ ಎಂದು ಕರೆದೆ. ಯಾರೂ ಓಗೊಡಲಿಲ್ಲ. ಆಗ ನೋಡುತ್ತೇನೆ, ಬಾಗಿಲಿಗೆ ಬೀಗ. ಹಿಂದಿನ ಬಾಗಿಲಿನಿಂದ ಓಡಾಡುತ್ತಿರಬೇಕು ಎಂದು ಸುತ್ತು ಹಾಕಿ ಬಂದೆ. ಅದಕ್ಕೂ ಒಳಗಿನಿಂದ ಅಗಳಿ ಹಾಕಿತ್ತು. ಬಾವಿಕಟ್ಟೆ ಒಣಗಿತ್ತು, ಹಗ್ಗವೂ ಒಣಗಿತ್ತು. ಹೆದರಿಕೆಯಾಯಿತೇ ಎಂದು ಕೇಳಬೇಡಿ. ಇಲ್ಲ. ಹಾಗೆ ಕಣ್ಣು ಕುಕ್ಕುವ ಬಿಸಿಲಿನಲ್ಲಿ ಯಾರಿಗೆ ಹೆದರಿಕೆಯಾಗುತ್ತದೆ? ಯಾರೋ ಪಕ್ಕದ ಮನೆಯವರಿರಬೇಕು, ಬರುತ್ತಾರೆ ಎಂದು ಜಗಲಿಯ ಮೇಲೆ ಕಾಲು ಚಾಚಿದೆ. ನಿದ್ದೆ ಬಂದುಬಿಟ್ಟಿತು.

ಎಚ್ಚರವಾದದ್ದು ನೆತ್ತಿಯ ಮೇಲಿನಿಂದ ಬಂದ ಕೂಗಿಗೆ. ಬಿಸಿಲು ಇಳಿದಿತ್ತು. ನಿದ್ದೆಗಣ್ಣಿನಲ್ಲೇ ನಾನೂ ‘ಕೂ’ ಎಂದು ಉತ್ತರ ಕೊಟ್ಟೆ. ನಾಯಿ ಚಂಗನೆ ಎದ್ದು ಗುಡ್ಡದ ಕಡೆ ಓಡಿತು. ಸ್ವಲ್ಪ ಹೊತ್ತಿಗೆ ನಾಯ್ಕರು ಸಂತೆ ಚೀಲ ಹೊತ್ತು ಏದುಸಿರು ಬಿಡುತ್ತ ಬಂದರು, ಹಿಂದೆಯೇ ತಾಯಿ ಮಗಳು. ಖಾಲಿ ಮನೆಗೂ ಕೂಗು ಹಾಕಿಯೇ ಇಳಿಯುವುದು ಅವರ ತಾಯಿ ಕಲಿಸಿದ ರೂಢಿಯಂತೆ. ಬೀಗ ಹಾಕಿ ಹೋದ ಮನೆ ತಿರುಗಿ ಓಗೊಟ್ಟಿದ್ದು ಕೇಳಿ ಚೀಲ ಹೊತ್ತೇ ಓಡಿ ಬಂದಿದ್ದರು. ನನ್ನನ್ನು ನೋಡಿ ನಕ್ಕರು. ಸಂತೆಯ ಗಲಿಬಿಲಿ ತಿಳಿದು ಇನ್ನೂ ನಕ್ಕರು. ಬಾಗಿಲು ಹಾಕಿದ್ದರೂ ಆಸರಿಗೆ ಸಿಕ್ಕಿತು, ಪುಣ್ಯ, ಯಾರಿಟ್ಟಿದ್ದು ಎಂದು ನಾನು ಕೇಳಿದ ಮೇಲೆ ನಗು ನಿಂತಿತು.

ಮಾದೇವಿ ತಂಬಿಗೆಯನ್ನು ಕೈಗೆತ್ತಿಕೊಂಡು ನೋಡಿದಳು. ಬೀಗ ತೆಗೆದು ಒಳಗೆ ಹೋಗಿ ಬಂದಳು. ತಂಬಿಗೆ ಅವಳ ಅತ್ತೆಯದು. ಅತ್ತೆ ತೀರಿಕೊಂಡ ಮೇಲೆ ಅಡಿಗೆ ಕೋಣೆಯ ಗೂಡಿನಲ್ಲಿ ಎತ್ತಿಟ್ಟಿದ್ದು. ಈಗ ಗೂಡು ಖಾಲಿ.

“ಬೆಲ್ಲ ಎಂಥದು?” ಎಂದು ಕೇಳಿದಳು.

ಅಚ್ಚು ಬೆಲ್ಲ, ಸ್ವಲ್ಪ ಕಪ್ಪಗಿತ್ತು, ಚೆನ್ನಾಗಿತ್ತು ಎಂದೆ.

“ನಮ್ಮನೆಲಿ ಇರೂದು ಜೋನಿ ಬೆಲ್ಲ ಮಾತ್ರ. ಅಚ್ಚು ಬೆಲ್ಲ ಅತ್ತೆ ಇದ್ದಾಗ ತರ್ತಿದ್ವಿ,” ಎಂದಳು.

ಜೋನಿ ಬೆಲ್ಲ ಡಬ್ಬದಿಂದ ಸುರಿಯುವಂಥದು, ಬಾಳೆಲೆಯ ಮೇಲೆ ತುಂಡಾಗಿ ಕೂರುವುದಿಲ್ಲ ಎಂದು ನಮ್ಮ ಕಡೆಯವರಿಗೆ ಹೇಳಬೇಕಿಲ್ಲ. ನಾಯ್ಕರು ಬಾಳೆಲೆಯ ತುಂಡನ್ನು ಎತ್ತಿ ನೋಡಿದರು. ಆಮೇಲೆ ಅವರ ಮುಖ ಅರಳಿತು. ಅವ್ವ ಇದ್ದಾಗ ಈ ಜಗಲಿಯಿಂದ ಆಸರಿಗೆ ಕುಡಿಸದೆ ಯಾರನ್ನೂ ಕಳಿಸುತ್ತಿರಲಿಲ್ಲ, ಮನೆ ನಿಮ್ಮನ್ನು ಒಪ್ಪಿಕೊಂಡಿತು, ಇನ್ನು ಗಡಿ ನೋಡುವುದೂ ಬೇಡ, ಮನೆ ನಿಮ್ಮದೇ ಎಂದರು. ಯಶೋದಾ ಬಾಗಿಲ ಬಳಿ ನಿಂತು ಒಮ್ಮೆ ಅಪ್ಪನ ಮುಖ, ಒಮ್ಮೆ ನನ್ನ ಮುಖ ನೋಡುತ್ತಿದ್ದಳು. ಅವಳ ಕೈಯಲ್ಲಿ ಸಂತೆಯಿಂದ ತಂದ ಹೊಸ ಕಂಪಾಸ್ ಬಾಕ್ಸ್ ಇತ್ತು.

ನನಗೂ ಖುಷಿಯಾಯಿತು. ಸುಳ್ಳೇಕೆ ಹೇಳಲಿ, ನಂಬದವನಿಗೂ ಅಂಥ ಮಾತು ಕೇಳಲು ಹಿತವಾಗಿಯೇ ಇರುತ್ತದೆ. ಆದರೆ ಮಾದೇವಿ ಮಾತ್ರ ತಂಬಿಗೆಯತ್ತಲೇ ನೋಡುತ್ತ ಎದ್ದು ಹೋಗಿ ಚಹಾ ಮಾಡಿ ತಂದಳು. ನಾನು ಹೊರಟು ಅಂಗಳಕ್ಕೆ ಇಳಿದ ಮೇಲೆ ಹಿಂದಿನಿಂದ ಕೇಳಿದಳು:

“ಹೆಗಡೇರೆ, ಮನೆಯವ್ರಿಗೆ ಯಾರಾದ್ರೂ ಬೆಲ್ಲ-ನೀರು ಇಡ್ತಾರಾ? ನೆಂಟ್ರಿಗಲ್ದಾ ಇಡೂದು?”

ನಾಯ್ಕರು ಅವಳನ್ನು ಗದರಿದರು. ಮಗಳ ಶಾಲೆ ತಪ್ಪಿಸುವ ಆಸೆ ಆ ತಾಯಿಗೇನೂ ಇರಲಿಲ್ಲ, ಅವಳ ಕಣ್ಣು ತುಂಬಿದ್ದನ್ನು ನಾನೇ ನೋಡಿದೆ. ಕಂಡದ್ದನ್ನು ಹೇಳದೆ ಇರಲಾರದೆ ಹೇಳಿದಳು, ಅಷ್ಟೇ. ಯಶೋದಾ ಜಗಲಿಯ ಮೇಲಿದ್ದ ತಂಬಿಗೆ ತೆಗೆದುಕೊಂಡು ಒಳಗೆ ಹೋದವಳು ಮತ್ತೆ ಹೊರಗೆ ಬರಲಿಲ್ಲ.

ಗುಡ್ಡ ಹತ್ತುವಾಗ ಆ ಮಾತು ನನ್ನ ಜೊತೆಗೇ ಬಂತು. ಮನೆಗೆ ಬಂದು ಹೆಂಡತಿಗೆ ಎಲ್ಲ ಹೇಳಿದೆ. ಬಿಸಿಲಿಗೆ ತಲೆ ತಿರುಗಿಕ್ಕು, ಮಜ್ಜಿಗೆ ಕುಡಿ ಎಂದು ಮೊದಲು ತಮಾಷೆ ಮಾಡಿದಳು. ನಾನು ನಗದೆ ಇದ್ದದ್ದು ನೋಡಿ ಹತ್ತಿರ ಕೂತಳು. ಏನೇ ಆಗಲಿ, ಆ ಮನೆಯನ್ನು ಕೊಳ್ಳಲು ನನಗೆ ಮನಸ್ಸಾಗುತ್ತಿಲ್ಲ ಎಂದೆ. ನೆಂಟನಾಗಿ ಕೂತು ನೀರು ಕುಡಿದ ಮನೆಯನ್ನು ಮಾರನೇ ದಿನ ಖಾಲಿ ಮಾಡಿಸುವುದು ಹೇಗೆ? ಅದನ್ನು ಹೆದರಿಕೆ ಎನ್ನಿ, ನಾಚಿಕೆ ಎನ್ನಿ.

“ಹಂಗಾರೆ ಆ ಕೂಸು ಎಂತ ಮಾಡ್ತು?” ಎಂದಳು ಹೆಂಡತಿ.

ಅವಳೇ ಹೇಳಿದಳು: “ನಮ್ಮನೇಲಿ ಉಳ್ಕಂಡು ಶಾಲೆಗೆ ಹೋಗ್ಲಿ. ಒಂದು ಕೂಸಿಗೆ ಅನ್ನ ಹಾಕದು ಎಂತ ದೊಡ್ಡ ವಿಷ್ಯ?”

ಹಾಗೇ ಆಯಿತು. ಮಳೆ ಹಿಡಿಯುವ ಮುಂಚೆ ಯಶೋದಾ ಒಂದು ಟ್ರಂಕು ಹಿಡಿದು ಶಿರಸಿಗೆ ಬಂದಳು. ನಾಲ್ಕು ಜನ ನಾಲ್ಕು ಮಾತಾಡಿದರು, ನನ್ನ ಹೆಂಡತಿ ಯಾರನ್ನೂ ಕ್ಯಾರೇ ಅನ್ನಲಿಲ್ಲ. ನಾನು ತಂದುಕೊಟ್ಟ ಚಿಕ್ಕ ಗೋಲದಲ್ಲಿ ಹುಡುಗಿ ಮೊದಲು ಹುಡುಕಿದ್ದು ಇಂಡೋನೇಷ್ಯಾ. ನಾನು ಅಂದು ತೋರಿಸಿದ್ದು ತಪ್ಪು ದಿಕ್ಕು ಎಂದು ಮುಲಾಜಿಲ್ಲದೆ ಹೇಳಿದಳು. ಸುರಗಿಜಡ್ಡಿಯ ಮನೆ ನಾಯ್ಕರದ್ದಾಗಿಯೇ ಉಳಿಯಿತು. ಬೇಸಿಗೆಯಲ್ಲಿ ನನ್ನ ಗಿರಾಕಿಗಳು ನಡೆದು ಹೋಗಿ ಅಲ್ಲಿ ತಂಗತೊಡಗಿದರು, ನೆಂಟರಾಗಿ. ನೆತ್ತಿಯ ಮೇಲೆ ನಿಂತು ‘ಕೂ’ ಎನ್ನುವುದನ್ನು ಅವರಿಗೆ ನಾನೇ ಕಲಿಸುತ್ತಿದ್ದೆ. ಹೋದವರಿಗೆಲ್ಲ ಮಾದೇವಿ ಬಟ್ಟಲಿನಲ್ಲಿ ಜೋನಿ ಬೆಲ್ಲ, ಲೋಟದಲ್ಲಿ ನೀರು ಕೊಡುತ್ತಿದ್ದಳು. ಅತ್ತೆಯ ತಂಬಿಗೆ ಗೂಡಿನಲ್ಲೇ ಇತ್ತು.

ಆ ಮಧ್ಯಾಹ್ನದ ಬಗ್ಗೆ ನಾನು ಮಾಡದ ತರ್ಕವಿಲ್ಲ. ನಾಯ್ಕರೇ ಹೂಡಿದ ಆಟವೇ? ನಾನು ಅಂದು ಬರುವುದು ಅವರಿಗೆ ಗೊತ್ತಿರಲಿಲ್ಲ. ನೆರೆಮನೆಯವರೇ? ಎಲ್ಲರೂ ಸಂತೆಗೆ ಹೋಗಿದ್ದರು, ಹೋಗದವರಿಗೆ ಬೀಗ ಹಾಕಿದ ಮನೆಯೊಳಗಿನ ತಂಬಿಗೆ ಸಿಗುವುದು ಹೇಗೆ? ನನ್ನ ಭ್ರಮೆಯೇ? ತಂಬಿಗೆಯನ್ನು ನಾಲ್ವರೂ ನೋಡಿದ್ದೇವೆ. ಯೋಚಿಸಿ ಯೋಚಿಸಿ ಬಿಟ್ಟುಬಿಟ್ಟೆ.

ಯಶೋದಾ ಈಗ ಯಲ್ಲಾಪುರದ ಕಡೆ ಟೀಚರು. ಅವಳಿಗೆ ಕೆಲಸ ಸಿಕ್ಕಿದ ಸುದ್ದಿ ಹೇಳಲು ನಾನೇ ಸುರಗಿಜಡ್ಡಿಗೆ ಹೋಗಿದ್ದೆ. ಅಷ್ಟರಲ್ಲಿ ಸಂಕದ ಜಾಗಕ್ಕೆ ಸಿಮೆಂಟಿನ ಸೇತುವೆ ಬಂದಿತ್ತು. ಗಂಡ ಹೆಂಡತಿ ಇಬ್ಬರೂ ಅಂಗಳದಲ್ಲಿ ಗೇರುಬೀಜ ಹರವುತ್ತಿದ್ದರು. ಸುದ್ದಿ ಕೇಳಿ ಮಾದೇವಿ ಸೆರಗಿನಿಂದ ಮುಖ ಒರೆಸಿಕೊಂಡಳು. ಆಸರಿಗೆ ಇಲ್ಲವೇ ಎಂದು ಚೇಷ್ಟೆ ಮಾಡಿದೆ. ನೀವೀಗ ಮನೆಯವರೇ ಆದಿರಿ, ಬೇಕಾದರೆ ಒಳಗೆ ಹೋಗಿ ತೆಗೆದುಕೊಳ್ಳಿ ಎಂದು ಅವಳೂ ನಕ್ಕಳು. ನಾನು ಅಂಗಳದ ಮೂಲೆಯ ಬಾವಿಕಟ್ಟೆಗೆ ಹೋಗಿ ಕಾಲು ತೊಳೆದೆ. ಅಷ್ಟೂ ಹೊತ್ತು ಅವರಿಬ್ಬರೂ ನನ್ನ ಕಣ್ಣೆದುರಿಗೇ ಇದ್ದರು.

ತಿರುಗಿ ಬಂದರೆ ಜಗಲಿಯ ಮೇಲೆ ತಾಮ್ರದ ತಂಬಿಗೆ, ಬಾಳೆಲೆಯ ತುಂಡಿನ ಮೇಲೆ ಅಚ್ಚು ಬೆಲ್ಲ.

ನಾಯ್ಕರ ಕೈಯಲ್ಲಿದ್ದ ಗೇರುಬೀಜ ಹಾಗೇ ಉಳಿಯಿತು. ಮಾದೇವಿ ತಂಬಿಗೆಯನ್ನೇ ನೋಡಿದಳು. ಆಮೇಲೆ ಮೆಲ್ಲಗೆ ಹೇಳಿದಳು:

“ಕುಡೀರಿ, ಹೆಗಡೇರೆ. ಇಟ್ಟೋರಿಗೆ ಬೇಜಾರಾಗೂದು ಬ್ಯಾಡ.”

ನಾನು ಜಗಲಿ ಹತ್ತಿ ಕೂತು ಬೆಲ್ಲ ಬಾಯಿಗೆ ಹಾಕಿಕೊಂಡೆ. ನೀರು ಅಂದಿನಷ್ಟೇ ತಂಪಾಗಿತ್ತು. ಖಾಲಿ ತಂಬಿಗೆ ಕೆಳಗಿಟ್ಟು, ಬಾಗಿಲ ಕಡೆ ತಿರುಗಿ, ಯಶೋದೆಗೆ ಕೆಲಸ ಸಿಕ್ಕಿತು ಎಂದು ಇನ್ನೊಮ್ಮೆ ಹೇಳಿದೆ.